ಸೆಲ್ಫ್ ಹೊಡೆಯುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ: ಎಲ್ಲಿಂದ ಹುಡುಕುವುದು?

ಕೀ ತಿರುಗಿಸುತ್ತೀರಿ. ಸೆಲ್ಫ್ ಚೆನ್ನಾಗೇ ಹೊಡೆಯುತ್ತದೆ, ಇಂಜಿನ್ ತಿರುಗುವುದೂ ಕೇಳಿಸುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಈ ದೋಷಕ್ಕೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಒಬ್ಬರು ಪ್ಲಗ್ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪ್ ಹೋಗಿದೆ ಎನ್ನುತ್ತಾರೆ. ಮೂರನೆಯವರು ನೇರವಾಗಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಕಡೆ ಬೆರಳು ತೋರಿಸುತ್ತಾರೆ. ಒಂದೊಂದೇ ಬದಲಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ಕಾರು ಮಾತ್ರ ನಿಂತಲ್ಲೇ ಇರುತ್ತದೆ.

ಯಾವ ಪಾರ್ಟ್ ಹೋಗಿದೆ ಎಂಬ ಪ್ರಶ್ನೆ ಆಮೇಲೆ ಇರಲಿ. ಇಂಜಿನ್‌ಗೆ ಏನು ಸಿಗುತ್ತಿಲ್ಲ ಎಂಬುದನ್ನು ಮೊದಲು ನೋಡಿ. ಪೆಟ್ರೋಲ್ ಇಂಜಿನ್ ಓಡಬೇಕಾದರೆ ಮುಖ್ಯವಾಗಿ ಮೂರು ಬೇಕು: ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಾಕಷ್ಟು ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ). ಮೂರೂ ಇದ್ದರೆ ಅದು ಸ್ಟಾರ್ಟ್ ಆಗಲೇಬೇಕು. ಹಾಗಾಗಿ ಯಾವುದು ಇಲ್ಲ ಎಂದು ಗೊತ್ತಾಗುವ ತನಕ ಒಂದು ಪಾರ್ಟೂ ಬದಲಿಸಬೇಕಿಲ್ಲ. ಡೀಸೆಲ್ ಲೆಕ್ಕ ಸ್ವಲ್ಪ ಬೇರೆ, ಅದಕ್ಕೆ ಕೊನೆಯಲ್ಲಿ ಬರೋಣ.

ಕೈ ಹಾಕುವ ಮೊದಲು ಕೆಲವು ಎಚ್ಚರಿಕೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಕಾದು ಸುಡುತ್ತದೆ, ಆಗ ಒಂದು ದೋಷ ಎರಡಾಗುತ್ತದೆ. ಪೆಟ್ರೋಲ್ ವಾಸನೆ ಇರುವ ಕಡೆ ಬೆಂಕಿ, ಸಿಗರೇಟು ಬೇಡವೇ ಬೇಡ.

ಮೊದಲು ಸದ್ದು ಕೇಳಿ

ಒಳ್ಳೆಯ ಇಂಜಿನ್ ಸೆಲ್ಫ್‌ನಲ್ಲಿ ತಿರುಗುವಾಗ ಸದ್ದಿನಲ್ಲಿ ಏರಿಳಿತ ಇರುತ್ತದೆ. ಒಂದೊಂದು ಸಿಲಿಂಡರ್ ಗಾಳಿಯನ್ನು ಒತ್ತುವಾಗ ಸೆಲ್ಫ್‌ಗೆ ಭಾರವಾಗುತ್ತದೆ, ಒತ್ತಿ ಮುಗಿದಾಗ ಹಗುರಾಗುತ್ತದೆ. ನಿಮ್ಮ ಕಾರಿನ ಎಂದಿನ ಸದ್ದು ನಿಮಗೆ ಗೊತ್ತಿರುತ್ತದೆ, ಅಲ್ವಾ? ಈಗಲೂ ಹಾಗೇ ಇದ್ದರೆ ಕಂಪ್ರೆಶನ್ ಬಹುಶಃ ಸರಿಯಿದೆ. ಅನುಮಾನ ಪೆಟ್ರೋಲ್ ಮತ್ತು ಕಿಡಿಯ ಮೇಲೆ.

ಸದ್ದು ಎಳೆದೆಳೆದು ನಿಧಾನವಾಗಿ ಬಂದರೆ ಅದು ಬ್ಯಾಟರಿ ಅಥವಾ ಕೇಬಲ್ ಕಥೆ.

ಏರಿಳಿತವೇ ಇಲ್ಲದೆ, ಎಂದಿಗಿಂತ ವೇಗವಾಗಿ ಒಂದೇ ಸಮ "ಸುಯ್" ಎಂದು ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹೋಗಿರಬಹುದು. ಬಹಳಷ್ಟು ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಹೊಡೆಯುತ್ತದೆ. ಸುಮ್ನೆ ಇನ್ನೊಂದು ಸಲ ನೋಡೋಣ ಎಂದು ಸೆಲ್ಫ್ ಹೊಡೆದಷ್ಟೂ ಒಳಗೆ ಹಾಳಾಗುವುದು ಜಾಸ್ತಿ.

ಸೆಲ್ಫ್ ಮೋಟಾರ್ ಮಾತ್ರ ತಿರುಗಿ ಇಂಜಿನ್ ಅಲುಗಾಡದಿದ್ದರೆ ಅದು ಸೆಲ್ಫ್‌ನ ದೋಷ, ಈ ಬರಹದ ವಿಷಯ ಅಲ್ಲ. ಇನ್ನು ನೀರು ನಿಂತ ರಸ್ತೆಯಲ್ಲಿ ಇಂಜಿನ್ ಆಫ್ ಆಗಿ, ಈಗ "ಡಕ್" ಎಂದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದರೆ ಸಿಲಿಂಡರ್ ಒಳಗೆ ನೀರು ಹೋಗಿರಬಹುದು. ನೀರನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ತೆಗೆದು ಕಾರನ್ನು ಎಳೆಸಿಕೊಂಡು ಹೋಗಿ. ಬೇರೆ ದಾರಿ ಇಲ್ಲ.

ಸೀಟಿನಲ್ಲಿ ಕೂತೇ ನೋಡುವಂಥವು

ಬಾನೆಟ್ ತೆಗೆಯುವ ಮೊದಲು ಮೀಟರ್ ಬೋರ್ಡ್ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಚೆಕ್ ಇಂಜಿನ್ ಲೈಟ್ ಹತ್ತಬೇಕು. ಇದು ಹತ್ತಿದರೆ ದೋಷ ಎಂದು ತುಂಬಾ ಜನ ತಿಳಿದಿದ್ದಾರೆ. ಇಂಜಿನ್ ಓಡದೆ ಇರುವಾಗ ಅದು ಹತ್ತದಿದ್ದರೇ ದೋಷ. ಬಲ್ಬ್ ಸರಿಯಿದ್ದೂ ಲೈಟ್ ಬರಲಿಲ್ಲ ಎಂದರೆ ಇಸಿಯುಗೆ ಕರೆಂಟ್ ಹೋಗುತ್ತಿಲ್ಲ. ಮೇನ್ ರಿಲೇ, ಇಸಿಯು ಫ್ಯೂಸ್, ಅರ್ಥ್ ವೈರ್ ಈ ಮೂರನ್ನು ಹಿಡಿಯಿರಿ. ಇಸಿಯುವೇ ಎದ್ದಿಲ್ಲದಾಗ ಪಂಪು, ಪ್ಲಗ್ಗು ನೋಡಿ ಪ್ರಯೋಜನವಿಲ್ಲ.

ಆಮೇಲೆ ಇಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆಯ ಲೈಟ್. ಕೀ ಅಥವಾ ಬೀಗದ ಚಿತ್ರ ಇರುವ ಲೈಟ್ ಮಿಣುಕುತ್ತಲೇ ಇದ್ದರೆ ಕಾರು ನಿಮ್ಮ ಕೀಯನ್ನು ಗುರುತು ಹಿಡಿದಿಲ್ಲ. ಕೆಲವು ಕಾರುಗಳು ಆಗ ಸೆಲ್ಫ್ ಹೊಡೆಯಲೂ ಬಿಡುವುದಿಲ್ಲ. ಕೆಲವು ಸೆಲ್ಫ್ ಹೊಡೆಯಲು ಬಿಟ್ಟು ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಅಥವಾ ಕಿಡಿ ನಿಲ್ಲಿಸುತ್ತವೆ. ಇನ್ನು ಕೆಲವು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡ್‌ನಲ್ಲಿ ಆಫ್ ಆಗುತ್ತವೆ. ಇನ್ನೊಂದು ಕೀ ಇದ್ದರೆ ಹಾಕಿ ನೋಡಿ. ಗೊಂಚಲಿನಲ್ಲಿ ಬೇರೆ ಗಾಡಿಯ ಚಿಪ್ ಇರುವ ಕೀ ಇದ್ದರೆ ಬಿಡಿಸಿ ದೂರ ಇಡಿ. ಬಟನ್ ಸ್ಟಾರ್ಟ್ ಕಾರಾದರೆ ಕೀಯ ಸೆಲ್ ಮುಗಿದಿರಬಹುದು. ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಹೆಚ್ಚಿನ ಕಾರುಗಳು ಒಪ್ಪುತ್ತವೆ. ತಾಗಿಸುವ ಜಾಗ ಕೆಲವು ಕಾರುಗಳಲ್ಲಿ ಬೇರೆ ಇರುತ್ತದೆ, ಕಾರಿನ ಪುಸ್ತಕದಲ್ಲಿ ಬರೆದಿರುತ್ತಾರೆ.

ಪೆಟ್ರೋಲ್ ಇದೆಯೇ? ನಗಬೇಡಿ. ಟ್ಯಾಂಕಿನ ಫ್ಲೋಟ್ ಸಿಕ್ಕಿಕೊಂಡರೆ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಲೇ ಇರುತ್ತದೆ. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ತಳದಲ್ಲಿದ್ದ ಸ್ವಲ್ಪ ಪೆಟ್ರೋಲ್ ಒಂದು ಕಡೆ ಸರಿದು ಪಂಪ್‌ಗೆ ಎಟುಕುವುದಿಲ್ಲ. 5 ಲೀಟರ್ ಹಾಕಿ ನೋಡುವುದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಇನ್ನೊಂದು ವಿಷಯ ನೆನಪು ಮಾಡಿಕೊಳ್ಳಿ. ಕೊನೆಯ ಸಲ ಓಡಿದ್ದಕ್ಕೂ ಈಗಿಗೂ ನಡುವೆ ಏನಾಯಿತು? ಬ್ಯಾಟರಿ ಬದಲಿಸಿದಿರಾ, ಅಲಾರಂ ಹಾಕಿಸಿದಿರಾ, ಇಂಜಿನ್ ತೊಳೆಸಿದಿರಾ, ಪೆಟ್ರೋಲ್ ತುಂಬಿಸಿದ ಕೂಡಲೇ ಹೀಗಾಯಿತಾ? ತಿಂಗಳುಗಟ್ಟಲೆ ನಿಂತಿದ್ದ ಕಾರಾದರೆ ಹಳಸಿದ ಪೆಟ್ರೋಲ್ ಮತ್ತು ಇಲಿ ಕಡಿದ ವೈರ್ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆರ್‌ಪಿಎಂ ಮುಳ್ಳು

ಯಾರೂ ಗಮನಿಸದ ಸುಳಿವು ಇದು. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಇದೇ ಮುಖ್ಯ.

ಸೆಲ್ಫ್ ಹೊಡೆಯುವಾಗ ಇಂಜಿನ್ ಸುಮಾರು 200 ಆರ್‌ಪಿಎಂ ವೇಗದಲ್ಲಿ ತಿರುಗುತ್ತದೆ. ಅದನ್ನು ಇಸಿಯುಗೆ ತಿಳಿಸುವುದು ಕ್ರ್ಯಾಂಕ್ ಸೆನ್ಸರ್. ಆ ಸೆನ್ಸರ್ ಸುಮ್ಮನಾದರೆ ಇಂಜಿನ್ ತಿರುಗುತ್ತಿದೆ ಎಂಬುದೇ ಇಸಿಯುಗೆ ಗೊತ್ತಾಗುವುದಿಲ್ಲ. ಆಗ ಹೆಚ್ಚಿನ ಕಾರುಗಳಲ್ಲಿ ಕಿಡಿಯೂ ಇಲ್ಲ, ಇಂಜೆಕ್ಟರೂ ತೆರೆಯುವುದಿಲ್ಲ, ಪಂಪ್ ಕೂಡ ಮೊದಲ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಎಲ್ಲವೂ ಒಟ್ಟಿಗೆ ಹೋದಂತೆ ಕಾಣುತ್ತದೆ, ಹೋಗಿರುವುದು ಒಂದೇ.

ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ತುಂಬಾ ಕಾರುಗಳಲ್ಲಿ ಅದು ಸೊನ್ನೆಯಿಂದ ಒಂದಿಷ್ಟು ಮೇಲೆದ್ದು ನಡುಗುತ್ತದೆ. ಕೆಲವು ಕಾರುಗಳಲ್ಲಿ ಸೆನ್ಸರ್ ಸರಿ ಇದ್ದರೂ ಮುಳ್ಳು ಏಳುವುದಿಲ್ಲ, ಹಾಗಾಗಿ ಒಬಿಡಿ ಸ್ಕ್ಯಾನರ್ (ಇಸಿಯುನಲ್ಲಿರುವ ಮಾಹಿತಿ ಓದುವ ಸಾಧನ) ಇದ್ದರೆ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡುವುದು ಮೇಲು. ಇಂಜಿನ್ ತಿರುಗುತ್ತಿದ್ದೂ ಸ್ಕ್ಯಾನರ್ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್, ಅದರ ವೈರ್ ಅಥವಾ ಕನೆಕ್ಟರ್ ಮೇಲೆಯೇ ಕಣ್ಣಿಡಿ.

ಒಂದು ಕಾರಿಗೆ ಹೊಸ ಪೆಟ್ರೋಲ್ ಪಂಪ್ ಹಾಕಿಸಿಯೂ ಸ್ಟಾರ್ಟ್ ಆಗಿರಲಿಲ್ಲ. ಮುಳ್ಳು ಅಲ್ಲಾಡುತ್ತಿರಲಿಲ್ಲ. ಕೆಳಗೆ ಮಲಗಿ ಟಾರ್ಚ್ ಹಿಡಿದರೆ ಸೆನ್ಸರ್ ಕನೆಕ್ಟರ್‌ನ ಲಾಕ್ ಮುರಿದಿತ್ತು, ಒಳಗೆ ಆಯಿಲ್ ಇಳಿದು ಪಿನ್‌ಗಳೆಲ್ಲ ಕಪ್ಪಾಗಿದ್ದವು. ಬಿಚ್ಚಿ, ಒರೆಸಿ, ಒತ್ತಿ ಕೂರಿಸಿದ್ದಕ್ಕೆ ಸ್ಟಾರ್ಟ್ ಆಯಿತು. ಹಳೆಯ ಪಂಪ್‌ನಲ್ಲಿ ಏನೂ ದೋಷ ಇರಲಿಲ್ಲ.

ಸ್ಕ್ಯಾನರ್ ಹಾಕಿದಾಗ ಕೋಡ್‌ಗಳೂ ಸಿಗುತ್ತವೆ. ಪಿ0335 ಕ್ರ್ಯಾಂಕ್ ಸೆನ್ಸರ್‌ನದ್ದು, ಪಿ0340 ಕ್ಯಾಮ್ ಸೆನ್ಸರ್‌ನದ್ದು. ಯು0100 ಬಂದರೆ ಇಸಿಯು ಜೊತೆ ಮಾತುಕತೆಯೇ ಕಡಿದಿದೆ. ಆದರೆ ಬ್ಯಾಟರಿ ಇಳಿದಾಗ ಇಲ್ಲದ ಕೋಡ್‌ಗಳೂ ರಾಶಿ ಬೀಳುತ್ತವೆ. ಬರೆದಿಟ್ಟುಕೊಂಡು ಅಳಿಸಿ, ಮತ್ತೊಮ್ಮೆ ಸೆಲ್ಫ್ ಹೊಡೆದು, ಯಾವುದು ವಾಪಸ್ ಬರುತ್ತದೆ ಎಂದು ನೋಡಿ. ಕೋಡ್ ಯಾವ ಸರ್ಕ್ಯೂಟ್ ಎಂದು ಹೇಳುತ್ತದೆ ಅಷ್ಟೇ. ಪಾರ್ಟ್ ಬದಲಿಸಿ ಎಂದು ಹೇಳುವುದಿಲ್ಲ.

ಬ್ಯಾಟರಿ: ತಿರುಗಿಸಿದರೆ ಸಾಲದು

ಸೆಲ್ಫ್ ಹೊಡೆಯುತ್ತದೆ, ಹಾಗಾದರೆ ಬ್ಯಾಟರಿ ಸರಿಯಿದೆ ಎಂದು ಮುಂದೆ ಹೋಗುವವರೇ ಜಾಸ್ತಿ. ಇಂಜಿನ್ ತಿರುಗಿಸುವಷ್ಟು ಶಕ್ತಿ ಇದ್ದೂ, ಆ ಹೊತ್ತಿಗೆ ವೋಲ್ಟೇಜ್ ಕುಸಿದು ಇಸಿಯು ಮಂಪರಾಗಬಹುದು.

ಮಲ್ಟಿಮೀಟರ್ ಹಿಡಿದು ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟ್‌ಗೆ ಬಂದಿದ್ದರೆ ಬಹುಪಾಲು ಖಾಲಿ ಎಂದೇ ಅರ್ಥ. ಈಗ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. 9.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ, ಮಿಕ್ಕಿದ್ದು ಆಮೇಲೆ. ಮೀಟರ್ ಮೊನೆಯನ್ನು ಒಮ್ಮೆ ಬ್ಯಾಟರಿಯ ಸೀಸದ ಕಂಬದ ಮೇಲೆ ಇಡಿ, ಒಮ್ಮೆ ಅದರ ಸುತ್ತಲಿನ ಕ್ಲ್ಯಾಂಪ್ ಮೇಲೆ ಇಡಿ. ಸೆಲ್ಫ್ ಹೊಡೆಯುವಾಗ ಎರಡಕ್ಕೂ ವ್ಯತ್ಯಾಸ ಬಂದರೆ ಕ್ಲ್ಯಾಂಪ್ ಸಡಿಲ ಅಥವಾ ತುಕ್ಕು. ಹಾಗೇ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಬ್ಲಾಕಿಗೂ ನಡುವೆ ಅಳೆಯಿರಿ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ವೈರ್ ಕೆಟ್ಟಿದೆ.

ಪೆಟ್ರೋಲ್ ಬರುತ್ತಿದೆಯೇ?

ಕಿಟಕಿ ಮುಚ್ಚಿ, ರೇಡಿಯೋ, ಫ್ಯಾನ್ ಎಲ್ಲ ಆಫ್ ಮಾಡಿ. ಕೀ ಆನ್ ಮಾಡಿದ ಕ್ಷಣ ಹಿಂದಿನ ಸೀಟಿನ ಕೆಳಗಿಂದ ಸುಮಾರು ಎರಡು ಸೆಕೆಂಡ್ "ಗುಯ್" ಎಂಬ ಸದ್ದು ಬರಬೇಕು. ಅದೇ ಪಂಪ್. ಕೆಲವು ಕಾರುಗಳಲ್ಲಿ ಬಾಗಿಲು ತೆರೆದಾಗಲೇ ಓಡಿಬಿಡುತ್ತದೆ. ಸದ್ದು ಕೇಳದಿದ್ದರೆ ಟ್ಯಾಂಕ್ ಮುಚ್ಚಳ ತೆಗೆದು ಅಲ್ಲಿ ಕಿವಿ ಕೊಟ್ಟು, ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ.

ಸದ್ದಿಲ್ಲವೇ? ಫ್ಯೂಸ್ ನೋಡಿ. ರಿಲೇ ನೋಡಿ. ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಸಾಮಾನ್ಯವಾಗಿ ಹಾರನ್‌ನದ್ದು, ಇದ್ದರೆ ಅದಲು ಬದಲು ಮಾಡಿ. ಪಂಪ್ ಓಡಿದರೆ ಕೆಲಸ ಮುಗಿಯಿತು. ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪೆಟ್ರೋಲ್ ನಿಲ್ಲಿಸುವ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಇಳಿದಾಗಲೂ ಅದು ಆಫ್ ಆಗಿಬಿಡಬಹುದು, ಅದರ ಮೇಲಿನ ಬಟನ್ ಒತ್ತಿದರೆ ಸರಿಹೋಗುತ್ತದೆ. ಇದ್ಯಾವುದೂ ಅಲ್ಲದಿದ್ದರೆ ಪಂಪ್ ಕನೆಕ್ಟರ್‌ನಲ್ಲೇ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕರೆಂಟ್ ಬಂದು, ಅರ್ಥ್ ಇದ್ದೂ ಪಂಪ್ ಓಡದಿದ್ದರೆ ಆಗ, ಆಗ ಮಾತ್ರ, ಪಂಪ್ ಸತ್ತಿದೆ ಎನ್ನಬಹುದು. ರಬ್ಬರ್ ಸುತ್ತಿಗೆಯಿಂದ ಟ್ಯಾಂಕಿನ ತಳಕ್ಕೆ ಮೆಲ್ಲಗೆ ತಟ್ಟಿದರೆ ಸವೆದ ಪಂಪ್ ಕೆಲವೊಮ್ಮೆ ಎದ್ದು ಓಡುತ್ತದೆ. ಅದನ್ನು ನೇರ ಗ್ಯಾರೇಜ್‌ಗೆ ಹೋಗಲು ಬಳಸಿಕೊಳ್ಳಿ, ಊರೂರು ಸುತ್ತಲು ಅಲ್ಲ.

ಸದ್ದು ಬಂದ ಮಾತ್ರಕ್ಕೆ ಪ್ರೆಶರ್ ಇದೆ ಎಂದಲ್ಲ. ಮಾಮೂಲಿ ಇಂಜೆಕ್ಷನ್ ಕಾರುಗಳಲ್ಲಿ 3ರಿಂದ 4 ಬಾರ್ ಆಸುಪಾಸು ಬೇಕು. ನಿಮ್ಮ ಕಾರಿನ ಸರಿಯಾದ ಅಳತೆ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ, ಅಳೆಯಲು ಗೇಜ್ ಬೇಕು. ಗೇಜ್ ಇಲ್ಲದವರಿಗೆ ಇನ್ನೊಂದು ದಾರಿ: ಏರ್ ಫಿಲ್ಟರ್ ದಾಟಿದ ಮೇಲಿನ ಪೈಪ್‌ಗೆ ಸ್ಟಾರ್ಟರ್ ಸ್ಪ್ರೇ ಒಂದೇ ಒಂದು ಚಿಕ್ಕ ಸಲ ಹೊಡೆದು, ಪೈಪ್ ಮುಚ್ಚಿ, ಆಮೇಲೆ ಸೆಲ್ಫ್ ಹೊಡೆಯುವುದು. ಇಂಜಿನ್ ಒಂದು ಕ್ಷಣ ಓಡಿ ಆಫ್ ಆದರೆ ಕಿಡಿ, ಕಂಪ್ರೆಶನ್ ಎರಡೂ ಇವೆ, ಪೆಟ್ರೋಲ್ ಮಾತ್ರ ಬರುತ್ತಿಲ್ಲ. ಇಂಜಿನ್ ತಿರುಗುತ್ತಿರುವಾಗ ತೆರೆದ ಪೈಪ್‌ಗೆ ಮುಖ ಒಡ್ಡಿ ಸ್ಪ್ರೇ ಹೊಡೆಯಬೇಡಿ. ಬೆಂಕಿ ವಾಪಸ್ ಬರಬಹುದು.

ಪ್ಲಗ್ ಬಿಚ್ಚಿ ನೋಡಿ

ಐದಾರು ಸೆಕೆಂಡ್ ಸೆಲ್ಫ್ ಹೊಡೆದ ಕೂಡಲೇ ಒಂದು ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಅದರ ಸುತ್ತಲಿನ ಕಸವನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಸಿಲಿಂಡರ್ ಒಳಗೆ ಬೀಳುತ್ತದೆ. ತುದಿಯನ್ನು ಬೆಳಕಿಗೆ ಹಿಡಿಯಿರಿ. ಒದ್ದೆಯಾಗಿ ಹೊಳೆಯುತ್ತಿದೆ, ಮೂಗಿನ ಹತ್ತಿರ ತಂದರೆ ಘಾಟು ಪೆಟ್ರೋಲ್ ವಾಸನೆ: ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒಣಗಿದೆ, ವಾಸನೆಯೇ ಇಲ್ಲ: ಪೆಟ್ರೋಲ್ ಬರುತ್ತಿಲ್ಲ. ಒದ್ದೆ ಇದೆ ಆದರೆ ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟುತ್ತದೆ: ಅದು ಇಂಜಿನ್ ಆಯಿಲ್, ಬೇರೆ ರೋಗ.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಬಳಸಿ. ಚಿಕ್ಕ ಸಾಧನ, ಇಟ್ಟುಕೊಳ್ಳುವುದು ಒಳ್ಳೆಯದು. ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡುವ ಹಳೆಯ ಚಾಳಿ ಬಿಡಿ. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಈಗಿನ ಕಾಯಿಲ್‌ಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ನೆಗೆಯಲು ಜಾಗ ಕೊಡದೆ ಹೊಡೆಸಿದರೆ ಕಾಯಿಲ್ಲೇ ಹಾಳಾಗಬಹುದು. ಪರೀಕ್ಷಿಸುವಾಗ ಪಂಪ್ ಫ್ಯೂಸ್ ತೆಗೆದಿಡಿ, ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ. ಕಿಡಿ ನೀಲಿಯಾಗಿ ಚಟ್ ಚಟ್ ಎಂದರೆ ಸರಿ. ಹಳದಿಯಾಗಿ ತೆಳ್ಳಗಿದ್ದರೆ ದುರ್ಬಲ.

ಒಂದೇ ಸಿಲಿಂಡರ್‌ಗೆ ಕಿಡಿ ಇಲ್ಲದಿದ್ದರೆ ಕಾರು ನಡುಗುತ್ತಾ ಆದರೂ ಸ್ಟಾರ್ಟ್ ಆಗುತ್ತದೆ. ನಿನ್ನೆ ಸಂಜೆ ಚೆನ್ನಾಗಿ ಓಡಿ ಇವತ್ತು ಬೆಳಿಗ್ಗೆ ಪೂರ್ತಿ ನಿಂತ ಕಾರಿಗೆ ನಾಲ್ಕೂ ಪ್ಲಗ್ ಬದಲಿಸುವುದರಲ್ಲಿ ಅರ್ಥವಿಲ್ಲ. ನಾಲ್ಕೂ ಒಂದೇ ರಾತ್ರಿ ಸಾಯುವುದಿಲ್ಲ. ಎಲ್ಲದಕ್ಕೂ ಕಿಡಿ ಇಲ್ಲ ಎಂದರೆ ಎಲ್ಲದಕ್ಕೂ ಸೇರಿದ ಒಂದು ಕಾರಣ ಹುಡುಕಿ: ಕ್ರ್ಯಾಂಕ್ ಸೆನ್ಸರ್, ಕಾಯಿಲ್‌ಗಳಿಗೆ ಹೋಗುವ ಕರೆಂಟ್, ಇಗ್ನಿಷನ್ ಸ್ವಿಚ್, ಇಮೊಬಿಲೈಸರ್.

ಓವರ್‌ಫ್ಲೋ

ಪ್ಲಗ್ ತೊಯ್ದು ಹೋಗಿದೆ, ಕಿಡಿಯೂ ಇದೆ, ಸುತ್ತ ಪೆಟ್ರೋಲ್ ವಾಸನೆ. ಇದು ಓವರ್‌ಫ್ಲೋ. ತಣ್ಣಗಿದ್ದ ಕಾರನ್ನು ಸ್ಟಾರ್ಟ್ ಮಾಡಿ, ಎರಡು ಮಾರು ಮುಂದೆ ಸರಿಸಿ, ಕೂಡಲೇ ಆಫ್ ಮಾಡಿದ್ದರೆ ಹೀಗಾಗುವುದುಂಟು. ತಣ್ಣಗಿನ ಇಂಜಿನ್‌ಗೆ ಇಸಿಯು ಜಾಸ್ತಿ ಪೆಟ್ರೋಲ್ ಕೊಟ್ಟಿರುತ್ತದೆ. ಅದು ಸಿಲಿಂಡರ್ ಗೋಡೆಯ ಆಯಿಲ್ ಪೊರೆಯನ್ನೂ ತೊಳೆದುಬಿಟ್ಟರೆ ಕಂಪ್ರೆಶನ್ ಇಳಿದು ಸೆಲ್ಫ್ ಸದ್ದು ಕೂಡ ಹಗುರಾಗುತ್ತದೆ. ಬೆಲ್ಟ್ ತುಂಡಾದಂತೆಯೇ ಕೇಳಿಸುತ್ತದೆ, ಆದರೆ ಹೀಗೆ ಕಾರು ಸರಿಸಿ ಆಫ್ ಮಾಡಿದ ಮೇಲೆಯೇ ಶುರುವಾಗಿದ್ದರೆ ಗಾಬರಿ ಬೇಡ.

ಎಕ್ಸಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು 5ರಿಂದ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯುತ್ತದೆ. ಇಂಜಿನ್ ಸ್ಟಾರ್ಟ್ ಆದ ಕೂಡಲೇ ಕಾಲು ತೆಗೆಯಿರಿ.

ಪದೇ ಪದೇ ಓವರ್‌ಫ್ಲೋ ಆಗುತ್ತಿದ್ದರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲಂಟ್ ಬಿಸಿ ಮತ್ತು ಒಳಗೆ ಬರುವ ಗಾಳಿಯ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಸ್ಕ್ಯಾನರ್‌ನಲ್ಲಿ ಕೂಲಂಟ್ ಮೈನಸ್ 40 ಡಿಗ್ರಿ ಎಂದು ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್ ಕಡಿದಿದೆ. ಹಿಮಗಡ್ಡೆಯಲ್ಲಿ ನಿಂತಿದ್ದೇನೆ ಎಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತಿರುತ್ತದೆ.

ಪೆಟ್ರೋಲ್ ಇದೆ, ಕಿಡಿ ಇದೆ, ಆದರೂ ಇಲ್ಲ

ಆಗ ಟೈಮಿಂಗ್ ಮತ್ತು ಕಂಪ್ರೆಶನ್. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ತುಂಬಾ ಇಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಅಥವಾ ರಾಕರ್ ಕಾಣಿಸುತ್ತದೆ. ಇನ್ನೊಬ್ಬರು ಅರೆಕ್ಷಣ ಸೆಲ್ಫ್ ಹೊಡೆದಾಗ ಅದು ಅಲುಗಾಡದಿದ್ದರೆ ಬೆಲ್ಟ್ ಅಥವಾ ಚೈನ್ ತುಂಡಾಗಿದೆ. ತಿರುಗುತ್ತಿದ್ದರೂ ಒಂದೆರಡು ಹಲ್ಲು ಜಾರಿರಬಹುದು. ಏರ್ ಫಿಲ್ಟರ್ ಕಡೆಯಿಂದ "ಟಪ್" ಎಂದು ಸಿಡಿಯುವುದು ಅದರ ಗುರುತು.

ಕಂಪ್ರೆಶನ್ ಗೇಜ್ ಇದ್ದರೆ ಎಲ್ಲ ಪ್ಲಗ್ ಬಿಚ್ಚಿ, ಪಂಪ್ ಮತ್ತು ಕಾಯಿಲ್ ಕನೆಕ್ಷನ್ ತೆಗೆದು, ಎಕ್ಸಲರೇಟರ್ ಪೂರ್ತಿ ಒತ್ತಿ ಅಳೆಯಿರಿ. ಆರೋಗ್ಯವಾಗಿರುವ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿ 10 ಬಾರ್ ಮೇಲೆ ತೋರಿಸುತ್ತದೆ. 7ಕ್ಕಿಂತ ಕೆಳಗಾದರೆ ಸ್ಟಾರ್ಟ್ ಆಗುವುದು ಕಷ್ಟ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಅಪರೂಪಕ್ಕೆ ಸೈಲೆನ್ಸರ್ ದಾರಿ ಕಟ್ಟಿಕೊಂಡಿರುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಪ್ರಯತ್ನಿಸಿದಾಗ ಸ್ಟಾರ್ಟ್ ಆದರೆ ಕಾರಣ ಅದೇ.

ಡೀಸೆಲ್ ಆದರೆ

ಇಲ್ಲಿ ಕಿಡಿ ಇಲ್ಲ. ಒತ್ತಿದ ಗಾಳಿಯ ಬಿಸಿಯೇ ಹೊತ್ತಿಸಬೇಕು, ಹಾಗಾಗಿ ಸೆಲ್ಫ್ ವೇಗ ಪೆಟ್ರೋಲ್‌ಗಿಂತ ಜಾಸ್ತಿ ಮುಖ್ಯ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಲು ಒಬ್ಬರನ್ನು ನಿಲ್ಲಿಸಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರ್‌ಗೆ ಹೋಗುತ್ತಿದೆ, ಹೊತ್ತುತ್ತಿಲ್ಲ: ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್, ಕಂಪ್ರೆಶನ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ.

ಡೀಸೆಲ್ ಖಾಲಿಯಾಗಿ ನಿಂತಿದ್ದರೆ, ಇಲ್ಲವೇ ಈಗಷ್ಟೇ ಫಿಲ್ಟರ್ ಬದಲಿಸಿದ್ದರೆ ಏರ್ ಎಳೆದಿರುತ್ತದೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿಯಾಗುವ ತನಕ ಒತ್ತಿ. ಕಾಮನ್ ರೈಲ್ ಇಂಜಿನ್‌ನಲ್ಲಿ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಭಾರೀ ಒತ್ತಡದ ಡೀಸೆಲ್ ಹೋಗುವಂಥದ್ದು) ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಸುಮಾರು 200 ಬಾರ್ ದಾಟದಿದ್ದರೆ ಹೆಚ್ಚಿನ ಇಸಿಯುಗಳು ಇಂಜೆಕ್ಟರ್ ತೆರೆಯುವುದಿಲ್ಲ. ಇದನ್ನು ಸ್ಕ್ಯಾನರ್‌ನಲ್ಲೇ ನೋಡಿ. ಹಳೆಯ ಇಂಜಿನ್‌ನಂತೆ ಪೈಪ್ ಸಡಿಲಿಸಿ ನೋಡಲು ಹೋಗಬೇಡಿ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟರ್ ಸ್ಪ್ರೇ ಹೊಡೆಯಬೇಡಿ. ತಪ್ಪಿ ಪೆಟ್ರೋಲ್ ತುಂಬಿಸಿದ್ದರೆ ಕೀಯನ್ನು ಆನ್ ಕೂಡ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

ಗ್ಯಾರೇಜ್‌ಗೆ ಹೋದಾಗ ಮಾತ್ರ ಸ್ಟಾರ್ಟ್ ಆಗುವ ಕಾರು

ಓಡುತ್ತಾ ಓಡುತ್ತಾ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ತಲೆಕೆಡಿಸುವ ದೋಷ ಇದು. ಬಿಸಿಗೆ ಕೈಕೊಡುವ ಕ್ರ್ಯಾಂಕ್ ಸೆನ್ಸರ್, ಒಳಗೆ ಬೆಸುಗೆ ಬಿರುಕು ಬಿಟ್ಟ ರಿಲೇ, ಸವೆದ ಪಂಪ್, ಈ ಮೂರರ ಮೇಲೆ ಅನುಮಾನ ಇಡಿ. ಸ್ಟಾರ್ಟ್ ಆಗುತ್ತಿರುವಾಗ ಎಷ್ಟು ಪರೀಕ್ಷೆ ಮಾಡಿದರೂ ಎಲ್ಲ ಸರಿಯಾಗೇ ಇರುತ್ತದೆ. ನಿಂತ ಆ ಹೊತ್ತಿನಲ್ಲೇ ಹಿಡಿಯಬೇಕು. ಸುರಕ್ಷಿತ ಜಾಗಕ್ಕೆ ತಳ್ಳಿ ನಿಲ್ಲಿಸಿದ ಮೇಲೆ ಮೊಬೈಲ್‌ನಲ್ಲಿ ವಿಡಿಯೋ ಹಾಕಿ, ಕೀ ಆನ್ ಮಾಡಿದಾಗಿನ ಪಂಪ್ ಸದ್ದು, ಲೈಟ್‌ಗಳು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಮೂರೂ ಸೇರುವಂತೆ ಹಿಡಿಯಿರಿ. ಕಾರು ಮೆಕ್ಯಾನಿಕ್ ಎದುರು ಜಪ್ಪಯ್ಯ ಅಂದರೂ ಕೈಕೊಡದಿದ್ದಾಗ ತೋರಿಸಲು ಆ ವಿಡಿಯೋ ಸಾಕು.